ಕೈಗೆ ತಲುಪದ ಬಡಿತಗಳು

ನನಗೆ ಕಾಯಿಲೆ ಇದೆ ಎಂದು ಮೊದಲು ಕಂಡುಹಿಡಿದವರು ಡಾಕ್ಟರಲ್ಲ, ಕಾರವಾರದ ತಾರ್ ಮಾಸ್ತರು. ಅವರ ಮುಖ ನಾನು ನೋಡಿದವನಲ್ಲ, ನನ್ನ ಮುಖ ಅವರೂ ನೋಡಿದವರಲ್ಲ. ನಾನು ಕುಮಟೆಯ ತಾರ್ ಆಫೀಸಿನಲ್ಲಿ, ಅಂದರೆ ತಂತಿ ಕಚೇರಿಯಲ್ಲಿ, ಕೂತು ಗುಂಡಿ ಒತ್ತುತ್ತಿದ್ದೆ, ಅವರು ಕಾರವಾರದಲ್ಲಿ ಕೂತು ಅದರ ಕಟಕಟ ಕೇಳಿ ಬರೆದುಕೊಳ್ಳುತ್ತಿದ್ದರು. ಆರು ವರ್ಷಗಳಿಂದ ನಮ್ಮ ಸ್ನೇಹವೆಂದರೆ ಇಷ್ಟೇ. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ತಾರುಗಳಿಗೆ ಬಿಡುವೇ ಇರಲಿಲ್ಲ. ಒಂದು ಮಧ್ಯಾಹ್ನ ಯಾವುದೋ ವ್ಯಾಪಾರಿಯ ತಾರು ಕಳಿಸಿ ಮುಗಿಸಿದ್ದೆ. ಆ ಕಡೆಯಿಂದ ಪ್ರಶ್ನೆ ಬಂತು: "ಹೊಸಬರೋ? ಹಳೇ ಮಾಸ್ತರು ರಜೆಯೋ?"

ತಾರಿನ ಕೆಲಸ ಮಾಡಿದವರಿಗೆ ಇದರ ಅರ್ಥ ಗೊತ್ತು. ಒಬ್ಬೊಬ್ಬರ ಕೈಗೂ ಒಂದೊಂದು ನಡಿಗೆ ಇರುತ್ತದೆ. ಸಣ್ಣ ಬಡಿತ, ಉದ್ದ ಬಡಿತ, ನಡುವಿನ ಬಿಡುವು ಕೇಳಿದರೆ ಸಾಕು, ಯಾರು ಕೂತಿದ್ದಾರೆಂದು ಹೇಳಬಹುದು. ನನ್ನ ಕೈ ಬಹಳ ಸಮ ಎಂದು ಹೆಸರು ಪಡೆದದ್ದು. ಆ ಹೆಸರಿನ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು. "ನಾನೇ" ಎಂದು ಉತ್ತರ ಕಳಿಸಿದೆ. ಅವರು ನಂಬಲಿಲ್ಲ. "ಹುಷಾರಿಲ್ಲವೋ?" ಎಂದು ಕೇಳಿದರು.

ಹುಷಾರಿರಲಿಲ್ಲ, ನಿಜ. ಮೂರು ವಾರದಿಂದ ಆಫೀಸಿನ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಎದೆಯೊಳಗೆ ಕೆಲಸ ಕಲಿಯದ ಯಾರನ್ನೋ ತಾರಿನ ಮುಂದೆ ಕೂರಿಸಿದ ಹಾಗೆ ಆಗುತ್ತಿತ್ತು. ಎರಡು ಬಡಿತ ಒಟ್ಟಿಗೆ, ಆಮೇಲೆ ಸುಮ್ಮನೆ, ಆಮೇಲೆ ಐದಾರು ಗಡಿಬಿಡಿಯಲ್ಲಿ. ಉಷ್ಣವಿರಬೇಕು ಎಂದುಕೊಂಡು ಎಳನೀರು ಕುಡಿದೆ. ಗಾಳಿ ತುಂಬಿರಬೇಕು ಎಂದುಕೊಂಡು ಓಮ ಅಗಿದೆ. ಮನೆಯಲ್ಲಿ ಹೇಳಲಿಲ್ಲ. ಮೂವತ್ನಾಲ್ಕು ವರ್ಷದ ಗಂಡಸು ಎದೆ ಹಾರುತ್ತದೆ ಎಂದು ಹೇಳಿಕೊಳ್ಳುವುದು ನಾಚಿಕೆಯೆಂದು ನನ್ನ ಆಗಿನ ಭಾವನೆ. ಹಾಗೆ ನಾಚಿಕೆಪಟ್ಟದ್ದು ಶುದ್ಧ ಮೂರ್ಖತನ ಎಂದು ಈಗ ಬರೆದಿಡುತ್ತೇನೆ.

ಈಗ ಬರೆಯಲು ಕಾರಣ, ಹೋದ ತಿಂಗಳು ಮುಟ್ಟಳ್ಳಿಯಿಂದ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದದ್ದು. ಗದ್ದೆ, ತೆಂಗು ನೋಡಿಕೊಂಡಿರುವವರು, ನಲವತ್ತರ ಆಸುಪಾಸು. ಕಿಸೆಯಲ್ಲಿ ಡಾಕ್ಟರ ಚೀಟಿ ಮಡಚಿ ಇಟ್ಟುಕೊಂಡಿದ್ದರು. ಅದರಲ್ಲಿ ಏಟ್ರಿಯಲ್ ಫಿಬ್ರಿಲೇಶನ್ ಎಂದು ಬರೆದಿತ್ತು. "ಮಾಸ್ತರೇ, ನಿಮ್ಗೂ ಇದೇ ಅಂತೆಯಲ್ಲ. ಮತ್ತೆ ನೀವು ಇಷ್ಟ್ ವರ್ಷ ಹ್ಯಾಂಗೆ ಬದ್ಕಿದ್ರಿ?" ಎಂದು ಕೇಳಿದರು. ಕೇಳುವಾಗ ಅವರ ಕೈ ಎದೆಯ ಮೇಲೇ ಇತ್ತು. ಆ ಕಾಲದಲ್ಲಿ ನಾನೂ ಹೀಗೆ ಕೇಳಬೇಕೆಂದಿದ್ದೆ, ಕೇಳಲು ಯಾರೂ ಇರಲಿಲ್ಲ. ಅವರಿಗೆ ಅಂದು ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಹೇಳುತ್ತೇನೆ.

ಹೊನ್ನಾವರದಲ್ಲಿ ಮುಂಬಯಿಯಲ್ಲಿ ಓದಿ ಬಂದ ಒಬ್ಬ ಡಾಕ್ಟರಿದ್ದರು. ಕೊಂಕಣಿ ಮನೆಮಾತಿನವರು. ಗುರುವಾರ ಗುರುವಾರ ಕುಮಟೆಗೆ ಬಂದು ಔಷಧದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದರು. ಕಾರವಾರದವರ ಪ್ರಶ್ನೆ ನನ್ನನ್ನು ಹೆದರಿಸಿತ್ತು, ಅದೇ ಗುರುವಾರ ಹೋದೆ. ಒಬ್ಬನೇ ಹೋಗುವ ಅಂದಾಜಿತ್ತು. ಚಪ್ಪಲಿ ಮೆಟ್ಟಲು ಬಗ್ಗಿದವನು ಹಾಗೇ ಗೋಡೆ ಹಿಡಿದು ನಿಂತದ್ದನ್ನು ನನ್ನ ತಾಯಿ, ಆಯಿ, ನೋಡಿಬಿಟ್ಟಳು.

"ಎಂತ ಆತೋ ತಮಾ? ಮುಖ ಎಂತಕ್ಕೆ ಹಿಂಗೆ ಬಾಡಿದ್ದು?"

"ಎಂತೂ ಇಲ್ಲೆ ಆಯಿ. ಡಾಕ್ಟರ ಹತ್ರ ಹೋಗಿ ಬತ್ತೆ."

"ಎಂತೂ ಇಲ್ದೆ ಇದ್ದವ ಡಾಕ್ಟರ ಹತ್ರ ಎಂತಕ್ಕೆ ಹೋಗ್ತ?" ಎಂದು ಆಯಿ ಸೆರಗು ಸುತ್ತಿಕೊಂಡು ಹೊರಟೇಬಿಟ್ಟಳು. ಹಿಂದಿನಿಂದ ನನ್ನ ಹೆಂಡತಿ ಸೀತೆ, ಒಲೆಯ ಮೇಲಿದ್ದುದನ್ನು ಇಳಿಸಿ, ಬಾಗಿಲಿಗೆ ಚಿಲಕ ಹಾಕಿ ಬಂದಳು. ಆಗ ಮನೆಯಲ್ಲಿ ನಾವು ಮೂವರೇ. ಅಂದರೆ ಇಡೀ ಮನೆಯೇ ನನ್ನ ಎದೆ ನೋಡಲು ಹೊರಟಿತ್ತು.

ಹೊರಗಿನ ಬೆಂಚಿನಲ್ಲಿ ಎರಡು ತಾಸು ಕಾದೆವು. ಮಾವಿನಕುರ್ವೆಯಿಂದ ಬಂದ ಒಬ್ಬ ಮೀನುಗಾರ ಬಲೆ ಸೀಳಿದ ಕೈಗೆ ಬಟ್ಟೆ ಸುತ್ತಿಕೊಂಡು ನಿದ್ದೆ ಮಾಡುತ್ತಿದ್ದ. ನನ್ನ ಪಕ್ಕದಲ್ಲಿ ಭಟ್ಕಳದ ಹಿರಿಯ ಸಾಹೇಬರೊಬ್ಬರು ಕೂತಿದ್ದರು. ಜವಳಿ ವ್ಯಾಪಾರದವರು, ಕುಮಟೆಯಲ್ಲಿ ಮಗಳ ಮನೆಗೆ ಬಂದವರು. ಕಾಲು ಬಾತು ಚಪ್ಪಲಿ ಹಿಡಿಯುತ್ತಿರಲಿಲ್ಲ. ನನ್ನನ್ನು ನೋಡಿ ನಕ್ಕರು. "ಮಾಸ್ತರೇ, ನೀವು ನಮ್ಮ ಮನೆಗೆ ಎಷ್ಟು ಸಲ ತಾರು ಕಳಿಸಿದ್ದೀರಿ. ಒಂದು ಸಲವೂ ಕೆಟ್ಟ ಸುದ್ದಿ ತರಲಿಲ್ಲ. ನಿಮಗೂ ಕೆಟ್ಟದ್ದು ಆಗೂದಿಲ್ಲ ಬಿಡಿ" ಎಂದರು. ಆ ಮಾತಿಗೆ ತರ್ಕವಿರಲಿಲ್ಲ. ಆದರೂ ಎದೆಗೆ ತಂಪಾಯಿತು.

ಒಳಗೆ ಡಾಕ್ಟರು ನನ್ನ ಕೈ ಹಿಡಿದು ನಾಡಿ ನೋಡಿದರು. ಒಂದು ನಿಮಿಷ ಕಳೆದರೂ ಬಿಡಲಿಲ್ಲ. ಎದೆಗೆ ಕೊಳವೆ ಇಟ್ಟು ಕಣ್ಣು ಮುಚ್ಚಿದರು. ಆಮೇಲೆ ನನ್ನನ್ನಲ್ಲ, ಹೆಂಗಸರನ್ನು ನೋಡಿ ಕೇಳಿದರು: "ಮನೆಯಲ್ಲಿ ಲೆಕ್ಕ ತಪ್ಪದೆ ಎಣಿಸುವವರು ಯಾರು?"

"ಸೀತೆ," ಎಂದಳು ಆಯಿ. "ಅದು ಹೂ ಕಟ್ಟುವಾಗಲೂ ಎಣಿಸ್ತು."

ಡಾಕ್ಟರು ಸೀತೆಗೆ ನನ್ನ ಮಣಿಕಟ್ಟಿನಲ್ಲಿ ನಾಡಿ ಎಲ್ಲಿದೆಯೆಂದು ತೋರಿಸಿದರು. "ನಾನು ಎದೆಯ ಬಡಿತ ಎಣಿಸುತ್ತೇನೆ, ಅದೇ ನಿಮಿಷ ನೀನು ಕೈಯದು ಎಣಿಸು" ಎಂದರು. ಅವಳು ಕಿವಿಯವರೆಗೆ ಕೆಂಪಾದಳು. ಮದುವೆಯ ಮಂಟಪ ಬಿಟ್ಟರೆ ಜನರೆದುರು ಅವಳು ನನ್ನ ಕೈ ಹಿಡಿದದ್ದಿಲ್ಲ, ಅದರಲ್ಲೂ ಅತ್ತೆಯ ಎದುರಿಗೆ. ಆಯಿ ತಾನಾಗಿ ಕಿಟಕಿಯ ಕಡೆ ತಿರುಗಿ ಹೊರಗಿನ ತೆಂಗಿನ ಮರ ನೋಡುತ್ತ ನಿಂತಳು. ಆ ಮರದಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಸೀತೆಯ ಬೆರಳುಗಳು ತಣ್ಣಗಿದ್ದವು. ತುಟಿ ಅಲ್ಲಾಡುತ್ತಿತ್ತು. ಡಾಕ್ಟರು ತಮ್ಮ ಗಡಿಯಾರ ನೋಡಿ "ಆತು" ಎಂದರು. ತಮ್ಮ ಲೆಕ್ಕ ನೂರ ಇಪ್ಪತ್ತೆಂಟು ಎಂದು ಹೇಳಿದರು. ಸೀತೆ ತಲೆ ತಗ್ಗಿಸಿ, ಎಂಬತ್ತಾರು ಎಂದಳು. "ತಪ್ಪಿತು ಕಾಣ್ತು. ನಡುನಡುವೆ ಸಿಕ್ಕಿದ್ದಿಲ್ಲೆ."

"ಇಲ್ಲ ತಂಗಿ, ತಪ್ಪಲಿಲ್ಲ. ನಂದೂ ಸರಿ, ನಿಂದೂ ಸರಿ. ನಲವತ್ತೆರಡು ಬಡಿತ ಎದೆಯಿಂದ ಹೊರಟದ್ದು ಕೈಗೆ ತಲುಪಲೇ ಇಲ್ಲ."

ಉಳಿದವರಿಗೆ ಹೇಗೆ ಕೇಳಿಸಿತೋ, ನನಗೆ ಮಾತ್ರ ತಟ್ಟನೆ ಅರ್ಥವಾಯಿತು. ಒಂದು ನಿಮಿಷದಲ್ಲಿ ನಲವತ್ತೆರಡು ತಾರು ದಾರಿಯಲ್ಲಿ ಕಳೆದುಹೋದರೆ ಆ ಆಫೀಸನ್ನು ಮುಚ್ಚಬೇಕಾಗುತ್ತದೆ.

ಡಾಕ್ಟರು ಇಂಗ್ಲಿಷ್ ಹೆಸರು ಹೇಳಿದರು. ಆಗ ಅದನ್ನು ಆರಿಕ್ಯುಲರ್ ಫಿಬ್ರಿಲೇಶನ್ ಎನ್ನುತ್ತಿದ್ದರು. ಆಮೇಲೆ ಆಯಿಗೆ ತಿಳಿಯುವ ಹಾಗೆ ಹೇಳಿದರು. ಹೃದಯದ ಮೇಲಿನ ಕೋಣೆ ಬಡಿಯಬೇಕು, ಇವನದು ಬಡಿಯುತ್ತಿಲ್ಲ, ಸುಮ್ಮನೆ ನಡುಗುತ್ತಿದೆ. ಕೆಳಗಿನ ಕೋಣೆ ಅದನ್ನು ನೋಡಿ ಗಡಿಬಿಡಿಗೆ ಬಿದ್ದಿದೆ. "ಸಣ್ಣವನಿದ್ದಾಗ ಕೀಲು ಬಾತು ಜ್ವರ ಬಂದಿತ್ತಾ?" ಎಂದು ಕೇಳಿದರು. ಬಂದಿತ್ತು. ಹನ್ನೊಂದನೇ ವರ್ಷಕ್ಕೆ ಎರಡು ತಿಂಗಳು ಮಲಗಿದ್ದೆ. ಮೊಣಕಾಲಿನಿಂದ ಮೊಣಕೈಗೆ, ಮೊಣಕೈಯಿಂದ ಮಣಿಕಟ್ಟಿಗೆ ನೋವು ತಿರುಗುತ್ತಿತ್ತು. ಆಯಿ ಎಣ್ಣೆ ಕಾಸಿ ತಿಕ್ಕಿ ತಿಕ್ಕಿ ಎಬ್ಬಿಸಿದ್ದಳು. ಆ ಜ್ವರ ಹೋಗುವಾಗ ಎದೆಯಲ್ಲಿ ಗಾಯ ಮಾಡಿ ಹೋಗಿದೆ ಎಂದರು ಡಾಕ್ಟರು. ಆಯಿಯ ಮುಖ ನೋಡಿ ಕೂಡಲೇ, "ನೀವು ಎಂತ ಮಾಡಿದ್ರೂ ಅದು ತಪ್ಪುತ್ತಿರಲಿಲ್ಲ ಅಮ್ಮಾ" ಎಂದು ಸೇರಿಸಿದರು.

ಅಪಾಯ ಎರಡು ಎಂದರು. ಒಂದು, ಹೃದಯ ಸೋತು ಕಾಲಿಗೆ, ಹೊಟ್ಟೆಗೆ, ಎದೆಗೆ ನೀರು ತುಂಬುವುದು. ಅದಾಗಲೇ ಶುರುವಾಗಿತ್ತು. ನನ್ನ ಕಣಕಾಲಿನ ಮೇಲೆ ಅವರು ಹೆಬ್ಬೆರಳು ಒತ್ತಿ ತೆಗೆದರೆ ಅಲ್ಲಿ ಗುಳಿ ಉಳಿಯುತ್ತಿತ್ತು. ಎರಡನೆಯದಕ್ಕೆ ಆಯಿಯ ಕಡೆ ತಿರುಗಿದರು. "ನೀವು ಹಾಲು ಅಲುಗದೆ ಇಟ್ಟರೆ ಎಂತ ಆಗ್ತದೆ ಅಮ್ಮಾ?"

"ಹೆಪ್ಪಾಗ್ತು."

"ಆ ನಡುಗುವ ಕೋಣೆಯಲ್ಲಿ ರಕ್ತ ನಿಲ್ತದೆ. ನಿಂತದ್ದು ಹೆಪ್ಪಾಗ್ಬಹುದು. ಅದರದ್ದೊಂದು ಚೂರು ಹೊರಟು ತಲೆಗೆ ಹೋದ್ರೆ ಲಕ್ವ. ಕೈ ಹೋಗ್ಬಹುದು, ಮಾತು ಹೋಗ್ಬಹುದು. ಹೆಪ್ಪಾಗದ ಹಾಗೆ ಮಾಡುವ ಔಷಧ ನನ್ನ ಹತ್ರ ಇಲ್ಲ. ಎದೆಯ ಗಡಿಬಿಡಿ ಕಡಿಮೆ ಮಾಡುವ ಗುಳಿಗೆ ಇದೆ. ಅಷ್ಟು ಮಾಡುವಾ."

ನಾನು ನನ್ನ ಬಲಗೈ ನೋಡಿಕೊಂಡೆ. ಸತ್ತರೆ ಒಮ್ಮೆ ಸತ್ತೆ, ಅದು ಬೇರೆ ಮಾತು. ಕೈಯೂ ಮಾತೂ ಇಲ್ಲದೆ ಆಯಿಯ ಕಣ್ಣೆದುರು ಬಿದ್ದುಕೊಂಡಿರುವುದನ್ನು ನೆನೆದು ನನಗೆ ವಿಪರೀತ ಹೆದರಿಕೆಯಾಯಿತು. ಆ ದಿನದಿಂದ ಒಂದು ಚಟ ಅಂಟಿತು. ನಿದ್ದೆಯಿಂದ ಎದ್ದ ಕೂಡಲೇ ಕಣ್ಣು ಬಿಡುವ ಮೊದಲು ಬಲಗೈಯ ಐದೂ ಬೆರಳು ಮಡಚಿ ಬಿಚ್ಚಿ ನೋಡುವುದು.

ಗುಳಿಗೆ ಯಾವುದೋ ವಿದೇಶದ ಗಿಡದ ಎಲೆಯಿಂದ ಮಾಡಿದ್ದು, ಡಿಜಿಟಾಲಿಸ್ ಎಂದು ಹೆಸರು. ಡಾಕ್ಟರು ಮೂರು ಕಟ್ಟಳೆ ಹಾಕಿದರು. ಆರು ವಾರ ಹಾಸಿಗೆ ಬಿಟ್ಟು ಏಳಬಾರದು. ದಿನಾ ಬೆಳಿಗ್ಗೆ ಸೀತೆ ನಾಡಿ ಎಣಿಸಬೇಕು, ಅರವತ್ತಕ್ಕಿಂತ ಕಡಿಮೆ ಬಂದರೆ ಅಂದು ಗುಳಿಗೆ ಕೊಡದೆ ತಮಗೆ ತಿಳಿಸಬೇಕು. ಉಪ್ಪು ಬಿಡಬೇಕು.

ಹೊರಗೆ ಬಂದಾಗ ಸೀತೆ ಮೆಲ್ಲನೆ, ಎಣಿಸಲು ಸೆಕೆಂಡಿನ ಮುಳ್ಳಿರುವ ಗಡಿಯಾರ ನಮ್ಮಲ್ಲಿ ಇಲ್ಲವಲ್ಲ ಎಂದಳು. ತೆಳು ಪರದೆಯ ಆಚೆ ಕೂತಿದ್ದ ಭಟ್ಕಳದ ಸಾಹೇಬರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅಂಗಿಯ ಕಿಸೆಯಿಂದ ತಮ್ಮ ಗಡಿಯಾರ ತೆಗೆದು ನನ್ನ ಅಂಗೈಯಲ್ಲಿಟ್ಟರು. ನಾನು ಬೇಡವೆಂದೆ. "ಇಟ್ಕೊಳ್ಳಿ ಮಾಸ್ತರೇ. ನನ್ನ ಕಾಲಿನದ್ದೂ ಮೂಲ ಎದೆಯೇ ಅಂತಾರೆ ಡಾಕ್ಟರು. ನನ್ನ ಮನೆಯವಳು ಹೋಗಿ ಎರಡು ವರ್ಷ ಆಯ್ತು. ನನ್ನ ಕೈ ಹಿಡಿದು ಎಣಿಸುವವರು ಇಲ್ಲ, ನಿಮಗೆ ಇದ್ದಾರೆ" ಎಂದರು. ಅವರ ಹೆಸರನ್ನು ಸಹ ನಾನು ಸರಿಯಾಗಿ ಕೇಳಿಕೊಳ್ಳಲಿಲ್ಲ. ಆ ಮಳೆಗಾಲ ಮುಗಿಯುವುದರೊಳಗೆ ಅವರು ತೀರಿಕೊಂಡ ಸುದ್ದಿ ಬಂತು.

ಹಾಸಿಗೆ ಹಿಡಿದವನ ಮನೆಗೆ ಊರೆಲ್ಲ ಬರುತ್ತದೆ, ಬರುವವರೆಲ್ಲ ವೈದ್ಯರೇ. ಒಬ್ಬರು ಹಿರೇಗುತ್ತಿಯಿಂದ ಬೇರು ತಂದರು. ಒಬ್ಬರು ಕಣ್ಣು ತಾಗಿದೆ ಎಂದು ಮೆಣಸು ನಿವಾಳಿಸಿ ಒಲೆಗೆ ಹಾಕಿ ಇಡೀ ಮನೆಯನ್ನು ಕೆಮ್ಮಿಸಿದರು. ಇನ್ನೊಬ್ಬರು ಇದೇ ರೋಗದಿಂದ ಸತ್ತವರ ಹೆಸರು ಬೆರಳು ಮಡಚಿ ಹೇಳಿ, ಕಾಫಿ ಕುಡಿದು, "ಧೈರ್ಯವಾಗಿರಿ" ಎಂದು ಹೇಳಿ ಹೋದರು.

ಬೆಳಗಿನ ಹೊತ್ತು ಮಾತ್ರ ನನ್ನದು. ಸೀತೆ ಮಿಂದು ಒದ್ದೆ ಕೂದಲಿಗೆ ಬಟ್ಟೆ ಕಟ್ಟಿಕೊಂಡು ಬಂದು ಹಾಸಿಗೆಯ ಅಂಚಿಗೆ ಕೂರುತ್ತಿದ್ದಳು. ಎಡಗೈಯಲ್ಲಿ ಗಡಿಯಾರ, ಬಲಗೈಯಲ್ಲಿ ನನ್ನ ಕೈ. ಎಣಿಸಿದ್ದನ್ನು ಹಳೆಯ ಪಂಚಾಂಗದ ಅಂಚಿನಲ್ಲಿ ಸೀಸದಕಡ್ಡಿಯಿಂದ ಬರೆಯುತ್ತಿದ್ದಳು. ಆ ಹೊತ್ತಿಗೆ ಸರಿಯಾಗಿ ಆಯಿಗೆ ಹಿತ್ತಿಲಿನಲ್ಲಿ ಏನಾದರೂ ಕೆಲಸ ಬರುತ್ತಿತ್ತು. ಒಂದು ನಿಮಿಷ ಎಣಿಸಿದರೆ ಸಾಕು. ಸೀತೆ ಎರಡು ನಿಮಿಷ ಎಣಿಸುತ್ತಿದ್ದಳು. ಕೇಳಿದರೆ, ಒಂದು ನಿಮಿಷದ್ದು ನಂಬಲು ಬಾರದು ಎನ್ನುತ್ತಿದ್ದಳು. ಹನ್ನೊಂದು ವರ್ಷದ ಸಂಸಾರದಲ್ಲಿ ನಾವು ಹಗಲು ಬೆಳಕಿನಲ್ಲಿ ಅಷ್ಟು ಹೊತ್ತು ಕೈ ಹಿಡಿದು ಕೂತದ್ದು ಆಗಲೇ. ಇಂಥ ಸುಖಕ್ಕೂ ಒಂದು ರೋಗವೇ ಬರಬೇಕಾಯಿತು.

ಆದರೆ ಕಾಲಿನ ಬಾವು ಇಳಿಯಲಿಲ್ಲ. ಡಾಕ್ಟರು ಗುರುವಾರ ಬಂದು ಹೆಬ್ಬೆರಳು ಒತ್ತಿ ನೋಡಿ, ಹುಬ್ಬು ಗಂಟಿಕ್ಕಿ, ಗುಳಿಗೆ ಹೆಚ್ಚಿಸಿದರು. ಮುಂದಿನ ಗುರುವಾರ ಮತ್ತೂ ಹೆಚ್ಚಿಸಿದರು. "ಉಪ್ಪು ಬಿಟ್ಟಿದ್ದೀರಲ್ಲ?" ಎಂದರೆ ಆಯಿ, "ಒಂದು ಹರಳೂ ಮುಟ್ಟಿಸಿದ್ನಿಲ್ಲೆ" ಎನ್ನುತ್ತಿದ್ದಳು. ನಾನೂ ಹೌದೆನ್ನುತ್ತಿದ್ದೆ. ಊಟ ನಾನು ಹೆದರಿದಷ್ಟು ಕೆಟ್ಟದಾಗಿರಲಿಲ್ಲ. ಉಪ್ಪಿಲ್ಲದೆಯೂ ಆಯಿಯ ಕೈಯಡುಗೆ ರುಚಿಯಾಗಿದೆ ಎಂದು ಹೆಮ್ಮೆಪಟ್ಟುಕೊಂಡಿದ್ದೆ.

ಮೂರನೇ ವಾರ ಊಟ ಕಂಡರೆ ವಾಕರಿಕೆ ಬರತೊಡಗಿತು. ಒಂದು ಬೆಳಿಗ್ಗೆ ಗಂಜಿಯ ತಟ್ಟೆ ನೋಡಿ ಆಯಿಯ ಮೇಲೆ ಹರಿಹಾಯ್ದೆ. "ಗಂಜಿಗೂ ಅರಿಶಿನ ಹಾಕಿದ್ಯಲೇ ಆಯಿ? ಯಾರು ಹೇಳಿದ್ದು?"

ಆಯಿ ತಟ್ಟೆ ನೋಡಿದಳು, ನನ್ನನ್ನು ನೋಡಿದಳು. "ಬೆಳ್ಳಗೇ ಇದ್ದಲೋ ತಮಾ."

ಸೀತೆ ಬಂದು ಕೈ ಹಿಡಿದಳು. ಎರಡು ನಿಮಿಷ ಎಣಿಸಿದಳು. ಮತ್ತೆ ಎಣಿಸಿದಳು. ಎದ್ದು ಹೋಗಿ ಗುಳಿಗೆಯ ಬಾಟ್ಲಿಯನ್ನು ತನ್ನ ಸೆರಗಿನಲ್ಲಿ ಕಟ್ಟಿಕೊಂಡಳು. "ಇವತ್ತು ಗುಳಿಗೆ ಇಲ್ಲೆ. ನಲವತ್ತೆಂಟೇ ಬಂತು."

"ಒಂದು ಗುಳಿಗೆಯಿಂದ ಎಂತ ಆಗ್ತು? ಬಾವು ಇನ್ನೂ ಇಳಿದಿದ್ದಿಲ್ಲೆ" ಎಂದೆ. ಆಯಿಯೂ, "ಡಾಕ್ಟರು ಹೇಳಿದ್ದು ಬಿಡುಲಾಗ ಕೂಸೇ, ಕೊಡು" ಎಂದಳು. ಮದುವೆಯಾಗಿ ಬಂದಂದಿನಿಂದ ಸೀತೆ ಆಯಿಗೆ ಎದುರು ಮಾತಾಡಿದವಳಲ್ಲ. ಅಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತು, "ಅರವತ್ತಕ್ಕಿಂತ ಕಮ್ಮಿ ಇದ್ರೆ ಕೊಡಡ ಹೇಳಿದ್ದೂ ಅದೇ ಡಾಕ್ಟರು. ಆನು ಕೊಡ್ತ್ನಿಲ್ಲೆ" ಎಂದಳು. ಧ್ವನಿ ನಡುಗುತ್ತಿತ್ತು. ಆದರೆ ಗಂಟು ಬಿಚ್ಚಲಿಲ್ಲ. ಆಮೇಲೆ ತಾನೇ ತಾರ್ ಆಫೀಸಿಗೆ ನಡೆದು ಹೋಗಿ, ನನ್ನ ಜಾಗದಲ್ಲಿ ಕೂತಿದ್ದ ಬದಲಿ ಮಾಸ್ತರಿಂದ ಹೊನ್ನಾವರಕ್ಕೆ ತಾರು ಮಾಡಿಸಿದಳು.

ಡಾಕ್ಟರು, ಪೆಟ್ರೋಲು ಸಿಗದೆ ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದ ಆಗಿನ ಬಸ್ಸಿನಲ್ಲಿ, ಮಧ್ಯಾಹ್ನದೊಳಗೆ ಬಂದಿಳಿದರು. ನನ್ನನ್ನು ನೋಡಿ, ಪಂಚಾಂಗದ ಅಂಚಿನ ಅಂಕಿಗಳನ್ನು ನೋಡಿ, ಸೀತೆಯ ಕಡೆ ತಿರುಗಿದರು. "ತಂಗೀ, ಇವತ್ತಿನ ಗುಳಿಗೆ ಕೊಟ್ಟಿದ್ದರೆ ನಾನು ಇಲ್ಲಿ ಬೇರೆ ಕೆಲಸಕ್ಕೆ ಬರಬೇಕಾಗಿತ್ತು" ಎಂದರು. ಗುಳಿಗೆ ಹೆಚ್ಚಾದರೆ ವಾಕರಿಕೆ ಬರುತ್ತದೆ, ಕಂಡದ್ದೆಲ್ಲ ಹಳದಿಯಾಗುತ್ತದೆ, ಎದೆ ನಿಂತೂ ಹೋಗಬಹುದು. ಎಷ್ಟು ಗುಳಿಗೆ ಒಳ್ಳೆಯದು ಮಾಡುತ್ತದೋ ಅದಕ್ಕಿಂತ ಸ್ವಲ್ಪವೇ ಹೆಚ್ಚಾದರೂ ವಿಷ.

ನಾನು ಊಟಕ್ಕೆ ಕೂತ ಹೊತ್ತು, ಆಯಿ ಅನ್ನಕ್ಕೆ ತಂಬುಳಿ ಬಡಿಸುತ್ತಿದ್ದಳು. ಡಾಕ್ಟರು ಅಲ್ಲೇ ಯೋಚಿಸುತ್ತ ನಿಂತಿದ್ದರು. "ಇಷ್ಟು ಗುಳಿಗೆಗೆ ಬಾವು ಇಳಿಯದೆ ಇರೂದು ಹೇಗೆ?" ಎಂದು ತಮಗೆ ತಾವೇ ಹೇಳಿಕೊಂಡು, ಫಕ್ಕನೆ ಆಯಿಯ ಮುಂದೆ ಅಂಗೈ ಒಡ್ಡಿದರು. "ಅಮ್ಮಾ, ಆ ತಂಬುಳಿ ನಂಗೆ ಒಂದು ಚಮಚ ಹಾಕಿ."

ಆಯಿ ಮೇಲಿನಿಂದ ಹನಿಸಿದಳು. ಅವರು ನೆಕ್ಕಿದರು. "ಉಪ್ಪು ಹದವಾಗಿ ಉಂಟಲ್ಲ!"

"ಇಶ್ಶೀ, ಉಪ್ಪೆಲ್ಲಿದ್ದು? ಸೈಂಧವ ಹಾಕಿದ್ದೆ."

"ಸೈಂಧವ?"

"ಅದು ಉಪ್ಪಲ್ಲ. ಏಕಾದಶಿ ಉಪವಾಸಕ್ಕೂ ಆಗ್ತು" ಎಂದಳು ಆಯಿ, ಇಷ್ಟು ಓದಿದವರಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂಬ ಮರುಕದಿಂದ.

ನಮ್ಮ ಮನೆಗಳಲ್ಲಿ ವ್ರತ ಹಿಡಿದವರು ಉಪ್ಪು ಬಿಡುತ್ತಾರೆ. ಬಿಡುವುದು ಸಮುದ್ರದ ಉಪ್ಪನ್ನು. ಅದರ ಬದಲಿಗೆ ಕಲ್ಲಿನಂಥ ಸೈಂಧವ ಲವಣ ಕುಟ್ಟಿ ಹಾಕಿದರೆ ವ್ರತಕ್ಕೆ ಭಂಗವಿಲ್ಲ. ಮಗನಿಗೆ ಉಪ್ಪು ಬಿಡಿಸಿ ಎಂದಾಗ ಆಯಿಗೆ ಗೊತ್ತಿದ್ದ ಉಪ್ಪು ಬಿಡುವ ಕ್ರಮ ಇದೊಂದೇ. ಅದನ್ನು ಶ್ರದ್ಧೆಯಿಂದ, ಮಡಿಯಿಂದ, ಮೂರು ಹೊತ್ತೂ ನಡೆಸಿದ್ದಳು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ಗಾದೆ. ಎರಡೂ ಸೇರಿ ನನ್ನನ್ನು ಮುಗಿಸಲು ಹೊರಟಿದ್ದವು.

ಡಾಕ್ಟರು ನಗಲಿಲ್ಲ, ಬಯ್ಯಲೂ ಇಲ್ಲ. ಮಣೆಯ ಮೇಲೆ ಕೂತು, "ತಪ್ಪು ನಂದು ಅಮ್ಮಾ. ಉಪ್ಪು ಬಿಡಿ ಅಂತ ಹೇಳಿದೆ, ಯಾವ್ಯಾವುದು ಉಪ್ಪು ಅಂತ ಹೇಳಲಿಲ್ಲ" ಎಂದರು. ಆ ಒಂದು ಮಾತಿಗಾಗಿ ಅವರನ್ನು ಇಂದಿಗೂ ನೆನೆಯುತ್ತೇನೆ. ಆದರೂ ಆಯಿಯ ಕಣ್ಣಿಂದ ಬಳಬಳ ನೀರು ಇಳಿಯಿತು. "ಆನೇ ಕೈಯಾರೆ ಹಾಕಿದ್ನಲೋ ತಮಾ" ಎಂದು ಒಂದೇ ಮಾತು ಹೇಳಿಕೊಂಡು ಹಿತ್ತಿಲ ಬಾಗಿಲ ಮೆಟ್ಟಿಲ ಮೇಲೆ ಕೂತವಳು ಸಂಜೆ ದೀಪ ಹಚ್ಚುವವರೆಗೆ ಏಳಲಿಲ್ಲ.

ಮರುದಿನ ಸೈಂಧವದ ಡಬ್ಬಿ, ಉಪ್ಪಿನಕಾಯಿಯ ಭರಣಿ, ಹಪ್ಪಳ ಎಲ್ಲ ಪಕ್ಕದ ಮನೆ ಸೇರಿದವು. ಆಯಿ ಮುರುಗಲು ಹುಳಿ, ಕಾಳುಮೆಣಸು, ಲಿಂಬೆಹಣ್ಣಿನಲ್ಲೇ ಏನೇನೋ ಮಾಡಿ ಬಡಿಸಿದಳು. ನಿಜ ಹೇಳುತ್ತೇನೆ, ರುಚಿಯಿರಲಿಲ್ಲ. ಉಪ್ಪಿಲ್ಲದ ಅನ್ನಕ್ಕೆ ನಾಲಿಗೆ ಒಗ್ಗಲು ಒಂದೂವರೆ ತಿಂಗಳು ಬೇಕು. ಒಂದು ದಿನ ಗಮನಿಸಿದರೆ ಆಯಿ ತಾನೂ ಅದನ್ನೇ ಉಣ್ಣುತ್ತಿದ್ದಾಳೆ. ಬೇಡವೆಂದು ಜಗಳವಾಡಿದೆ. "ಉಪ್ಪಿದ್ದದ್ದು ನಂಗೆ ಇಳಿತಿಲ್ಲೆ" ಎಂದಳು. ಸಾಯುವವರೆಗೆ ಅವಳು ಹಾಗೇ ಉಂಡಳು.

ಗುಳಿಗೆ ಕೆಲವು ದಿನ ನಿಲ್ಲಿಸಿ, ಮತ್ತೆ ಕಡಿಮೆಯಿಂದ ಶುರುಮಾಡಿದರು. ಎರಡು ವಾರದಲ್ಲಿ ಬಾವು ಇಳಿದು ಕಾಲಿನ ಮೂಳೆ ಕಾಣಿಸಿತು. ಡಾಕ್ಟರೂ ಸೀತೆಯೂ ಮತ್ತೊಮ್ಮೆ ಒಟ್ಟಿಗೆ ಎಣಿಸಿದರು. ಎದೆಯದು ಎಪ್ಪತ್ತೆಂಟು, ಕೈಯದು ಎಪ್ಪತ್ತನಾಲ್ಕು. ಲಯ ಸರಿಯಾಗಿರಲಿಲ್ಲ, ಅದು ಇಂದಿಗೂ ಸರಿಯಾಗಿಲ್ಲ. ಆದರೆ ಕಳೆದುಹೋಗುತ್ತಿದ್ದುದು ನಾಲ್ಕೇ. ಸೀತೆ ಅಂದು ಪಾಯಸ ಮಾಡಿದಳು. ಪಾಯಸಕ್ಕೆ ಉಪ್ಪು ಬೇಡವಲ್ಲ.

ಮುಂದಿನ ಸೋಮವಾರ ಕೆಲಸಕ್ಕೆ ಹೋಗಬಹುದು ಎಂದರು. ಶನಿವಾರ ಬೆಳಿಗ್ಗೆ ಜಗಲಿಯ ಹಲಗೆಯ ಮೇಲೆ ಕೂತಿದ್ದೆ. ಆಯಿ ದೇವಸ್ಥಾನಕ್ಕೆ ಹೋಗಿದ್ದಳು, ಸೀತೆ ಹಿತ್ತಿಲ ಬಾವಿಯ ಹತ್ತಿರ. ಕೈಯಲ್ಲಿದ್ದ ಲೋಟ ಜಾರಿ ಬಿತ್ತು. ಹೆಕ್ಕಲು ಹೋದೆ. ಬಲಗೈ ಬರಲಿಲ್ಲ. ನನ್ನ ಕೈಯೇ, ಮಡಿಲಲ್ಲೇ ಇದೆ, ಆದರೆ ಹೇಳಿದ ಮಾತು ಕೇಳುತ್ತಿಲ್ಲ. ಕೂಗಬೇಕೆಂದು ಬಾಯಿ ತೆರೆದೆ. ಮಾತೆಲ್ಲ ತಲೆಯಲ್ಲಿ ಸರಿಯಾಗಿ ಇತ್ತು. ನಾಲಿಗೆ ತಿರುಗಲಿಲ್ಲ. ಗಂಟಲಿನಿಂದ ಒಂದು ಗೊರಗೊರ ಬಂತು, ಅಷ್ಟೇ.

ಡಾಕ್ಟರು ಹೇಳಿದ್ದ ಎರಡನೆಯದು ಬಂದಿತ್ತು. ನನಗೆ ಅದು ಗೊತ್ತಾಯಿತು. ಅಷ್ಟು ಒಂಟಿತನ ನಾನು ಬೇರೆಂದೂ ಕಂಡಿಲ್ಲ. ಎಡಗೈಯ ಗೆಣ್ಣಿನಿಂದ ಹಲಗೆಯನ್ನು ಕುಟ್ಟತೊಡಗಿದೆ. ಸ್ವಲ್ಪ ಹೊತ್ತಿನ ಮೇಲೆ ನನಗೇ ತಿಳಿಯಿತು, ನಾನು ಸುಮ್ಮನೆ ಕುಟ್ಟುತ್ತಿರಲಿಲ್ಲ. ತಾರಿನ ಭಾಷೆಯಲ್ಲಿ ಒಂದೇ ಶಬ್ದವನ್ನು ಮತ್ತೆ ಮತ್ತೆ ಕಳಿಸುತ್ತಿದ್ದೆ.

ಸದ್ದು ಕೇಳಿ ಸೀತೆ ಬಂದಳು. ಒಂದು ಸಲ ನನ್ನ ಮುಖ ನೋಡಿದಳು. ಕಿರುಚಲಿಲ್ಲ. ನನ್ನನ್ನು ತನ್ನ ಭುಜಕ್ಕೆ ಒರಗಿಸಿಕೊಂಡು ಕೂತು ಮಣಿಕಟ್ಟು ಹಿಡಿದಳು. ಗಡಿಯಾರ ಒಳಗಿತ್ತು. ಗಡಿಯಾರವಿಲ್ಲದೆಯೇ ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸತೊಡಗಿದಳು. ಇನ್ನೇನು ಮಾಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಆರುನೂರು ದಾಟಿದ ಮೇಲೆ ನನ್ನ ಹೆಬ್ಬೆರಳು ಅಲ್ಲಾಡಿತು. ಇನ್ನೂ ಸ್ವಲ್ಪ ಹೊತ್ತಿಗೆ ತೊದಲುತ್ತ "ನೀರು" ಎಂದೆ. ಅವಳು ಆಗ ಅತ್ತಳು.

"ಹೆಪ್ಪಿನ ಸಣ್ಣ ಚೂರು ಇರಬೇಕು, ಕರಗಿ ಹೋಯ್ತು" ಎಂದರು ಡಾಕ್ಟರು. "ಮತ್ತೆ ಬರ್ಬಹುದು, ಬಾರದೆಯೂ ಇರ್ಬಹುದು. ನನ್ನ ಕೈಯಲ್ಲಿ ಇಲ್ಲ." ಸೋಮವಾರದ ಮಾತು ಒಂದು ತಿಂಗಳು ಮುಂದೆ ಹೋಯಿತು. ಆ ತಿಂಗಳ ಬಳಿಕ ಕೆಲಸಕ್ಕೆ ಸೇರಿದವನು ನಿವೃತ್ತಿಯವರೆಗೂ ಅದೇ ಕೈಯಲ್ಲಿ ತಾರು ಕಳಿಸಿದೆ. ಮುಟ್ಟಳ್ಳಿಯ ಸ್ನೇಹಿತರಿಗೆ ನಾನು ಹೇಳುವುದು ಇದನ್ನೇ: ಈ ರೋಗ ಹೋಗುವುದಿಲ್ಲ. ಅದರ ಜೊತೆ ಬದುಕುವುದನ್ನು ಕಲಿಯಬಹುದು, ಹೆದರಿಕೆಯನ್ನು ಒಬ್ಬರೇ ಇಟ್ಟುಕೊಳ್ಳದಿದ್ದರೆ. ನಾಡಿ ಎಣಿಸಲು ಮನೆಯಲ್ಲಿ ಯಾರಿಗಾದರೂ ಕಲಿಸಿ.

ಡಾಕ್ಟರು ಸೀತೆಗೆ ಹೊಸ ಕೆಲಸ ಕೊಟ್ಟು ಹೋಗಿದ್ದರು. ಬೆಳಿಗ್ಗೆ ನಾಡಿ ನೋಡಿದ ಮೇಲೆ ಎರಡೂ ಕೈ ಎತ್ತಿಸಬೇಕು, ಒಂದು ಮಾತು ಆಡಿಸಬೇಕು. ತೊದಲಿದರೆ ಕೂಡಲೇ ತಿಳಿಸಬೇಕು. ಮೊದಲ ದಿನ ಅವಳು "ಕುಮಟೆ ಹೇಳಿ" ಎಂದಳು, ಹೇಳಿದೆ. ಎರಡನೇ ದಿನ "ಕಾರವಾರ". ಮೂರನೇ ದಿನ ಕೈ ಎತ್ತಿ ಇಳಿಸಿದ ಮೇಲೆ ಅವಳು ನನ್ನ ಮಣಿಕಟ್ಟು ಬಿಡಲಿಲ್ಲ.

"ಅವತ್ತು ಹಲಗೆ ಕುಟ್ಟಿದ್ದು ಎಂತಕ್ಕೆ?"

"ನಿನ್ನ ಕರೆದೆ."

"ಹ್ಯಾಂಗೆ?"

"ಹೆಸರು ಹಿಡಿದು."

ನಮ್ಮಲ್ಲಿ ಗಂಡಹೆಂಡತಿ ಒಬ್ಬರ ಹೆಸರು ಒಬ್ಬರು ಹಿಡಿಯುವುದಿಲ್ಲ. "ಇಲ್ಲಿ ಕೇಳು", "ಎಲ್ಲಿದ್ದೆ", ಇಷ್ಟರಲ್ಲೇ ಹನ್ನೊಂದು ವರ್ಷ ನಡೆದಿತ್ತು. ಹಿರಿಯರಿರುವ ಮನೆಯಲ್ಲಂತೂ ಕೇಳುವುದೇ ಬೇಡ. ಈ ಬರಹದಲ್ಲಿ ನಾನು ಇಷ್ಟು ಸಲ ಬರೆದ ಆ ಹೆಸರನ್ನು ಅಲ್ಲಿಯವರೆಗೆ ಒಂದು ಸಲವೂ ಬಾಯಲ್ಲಿ ಹೇಳಿರಲಿಲ್ಲ. ಹೇಳಬೇಕೆಂದು ಅನ್ನಿಸಿದಾಗ ನಾಲಿಗೆ ಇರಲಿಲ್ಲ.

ಅವಳು ಗಡಿಯಾರಕ್ಕೆ ಕೀಲಿ ಕೊಟ್ಟಳು. ಆಮೇಲೆ ತಲೆಯೆತ್ತದೆ, "ಹಂಗಾದ್ರೆ ಇವತ್ತು ಅದೇ ಹೇಳಿ. ತೊದಲ್ತಾ ನೋಡ್ತೆ" ಎಂದಳು.

ಅಡುಗೆಮನೆಯಲ್ಲಿ ಆಯಿ ಪಾತ್ರೆ ತೊಳೆಯುತ್ತಿದ್ದಳು. ನಾನು ಆ ಕಡೆ ನೋಡಿ, ತುಟಿಯಲ್ಲೇ "ಸೀತೆ" ಎಂದೆ. ಒಳಗೆ ಪಾತ್ರೆಯ ಸದ್ದು ನಿಂತಿತು.

"ಗಟ್ಟಿ ಹೇಳು ತಮಾ," ಎಂದಳು ಆಯಿ ಒಳಗಿನಿಂದ, "ನಂಗೂ ಕೇಳ್ಲಿ."